ವರ್ನಪ್ಪನ ಪಿಟೀಲಿನೊಳಗಿನ ಹಾವು

ಕೇಳದೆ ಇನ್ನೊಬ್ಬರ ವಸ್ತು ಎತ್ತಿಕೊಂಡು ಬಂದೆ. ನಡೆದದ್ದು ಇಷ್ಟೇ. ನನ್ನ ಮಗಳು ಶೈಲಾ ಇದನ್ನು ಬಂದವರಿಗೆಲ್ಲ ಹೇಳುವಾಗ "ಕನ್‌ಫ್ಯೂಷನ್ ಆತ್ರಿ" ಎನ್ನುತ್ತಾಳೆ. ಅಳಿಯ ಗಿರೀಶ "ಕಲ್ಚರ್ ಡಿಫರೆನ್ಸ್" ಎನ್ನುತ್ತಾನೆ. ಎರಡೂ ಅಲ್ಲ. ಕೇಳುವುದಕ್ಕೆ ನನಗೆ ಬಾಯಿ ಇತ್ತು, ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಪಕ್ಕದಲ್ಲೇ ಮೊಮ್ಮಗಳಿದ್ದಳು. ಆದರೂ ಕೇಳಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಸೊಕ್ಕು. ಹೇಗೋ ಸುಸೂತ್ರವಾಗಿ ಮುಗಿಯಿತು, ಆದ್ದರಿಂದ ಬರೆಯುತ್ತಿದ್ದೇನೆ. ಇಲ್ಲವಾಗಿದ್ದರೆ ಅಮೆರಿಕಕ್ಕೆ ಹೋಗಿ ಬಂದದ್ದನ್ನೇ ಯಾರ ಮುಂದೂ ಬಾಯಿ ಬಿಡುತ್ತಿರಲಿಲ್ಲ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಕಾಗುಣಿತ ಶೈಲಾ ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಟ್ಟಿಲ್ಲ. ಅಲ್ಲಿ ಏನೇನು ನೋಡಬೇಕು, ಹೇಗೆ ಹೋಗಬೇಕು ಎಂಬುದು ಬೇಕಾದವರು ಗಿರೀಶನನ್ನು ಕೇಳಿಕೊಳ್ಳಿ.

ಡುವಾಲ್

ನೋಟು ಬಂದ್ ಆದ ವರ್ಷ, ಅದಕ್ಕೆ ಎರಡು ಮೂರು ತಿಂಗಳು ಮೊದಲು, ಗುಳೇದಗುಡ್ಡದಿಂದ ಹೊರಟೆ. ಮಗಳ ಮನೆ ಸಿಯಾಟಲ್ಲಿನ ಆಚೆ ಡುವಾಲ್ ಎಂಬ ಸಣ್ಣ ಊರಲ್ಲಿ. ಕಣಿವೆ, ಹೊಳೆ, ಹೊಲ, ದನ. ದನಗಳ ಹಿಂದೆ ಮನುಷ್ಯರಿಲ್ಲ. ಒಂದು ವಾರ ಕಿಟಕಿಯಲ್ಲಿ ಕೂತು ನೋಡಿದೆ, ಒಬ್ಬನಾದರೂ ದನ ಹೊಡೆದುಕೊಂಡು ಹೋಗಲಿಲ್ಲ. ಎದುರಿಗೆ ಸಿಕ್ಕವರೆಲ್ಲ ಹಲ್ಲು ತೋರಿಸಿ "ಹಾಯ್" ಎನ್ನುತ್ತಾರೆ. ಯಾರ ಪೈಕಿ, ಎಷ್ಟು ಮಕ್ಕಳು ಎಂದು ಒಬ್ಬರೂ ಕೇಳುವುದಿಲ್ಲ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಕೆರೂರು ಬರುವಷ್ಟರಲ್ಲಿ ನನ್ನ ಗರ್ಭಕೋಶದ ಆಪರೇಷನ್‌ವರೆಗೆ ಕೇಳಿ ಮುಗಿಸಿರುತ್ತಾಳೆ.

ಗಿರೀಶ ನನ್ನ ತಮ್ಮನ ಮಗನೇ. ಹುಟ್ಟಿದಾಗಿನಿಂದ ನನ್ನನ್ನು ಅತ್ತಿ ಎನ್ನುವವನು, ಅಳಿಯನಾದ ಮೇಲೂ ಅದೇ. ಎವರೆಟ್ ಎಂಬಲ್ಲಿ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್. ಮೊಮ್ಮಗಳು ನಿಧಿಗೆ ಹತ್ತು ವರ್ಷ. ನಾನು ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಜಗಳಕ್ಕೆ ಬರುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ.

ಬೇಲಿಯ ಆಚೆ

ಪಕ್ಕದ ಮನೆಯ ಮುದುಕನ ಹೆಸರು ವರ್ನನ್. ಎಪ್ಪತ್ತು ದಾಟಿದವನು, ಹೆಂಡತಿ ಸತ್ತಿದ್ದಾಳೆ, ಒಬ್ಬನೇ. ಅವನನ್ನು ಬರೀ ವರ್ನನ್ ಎಂದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ವರ್ನಪ್ಪ ಎಂದೆ. ಅವನು ಓಗೊಟ್ಟ.

ವರ್ನಪ್ಪ ಪಿಟೀಲು ಬಾರಿಸಿ ಹಾಡಿ ಹೊಟ್ಟೆ ಹೊರೆದವನು. ಅವರ ಹಾಡಿಗೆ ಕಂಟ್ರಿ ಮ್ಯೂಸಿಕ್ ಎನ್ನುತ್ತಾರೆ. ದನ, ಟ್ರಕ್ಕು, ಹೆಂಡ, ಬಿಟ್ಟುಹೋದ ಹೆಂಡತಿ, ಬಿಟ್ಟು ಬಂದ ಊರು, ಹಾಡೆಲ್ಲ ಇವುಗಳ ಮೇಲೆ. ನಮ್ಮ ಕಡೆಯ ಲಾವಣಿಯವರು ಡಪ್ಪು ಹಿಡಿದು ಹೇಳುವುದೂ ಹೆಚ್ಚೂ ಕಡಿಮೆ ಅದೇ, ಟ್ರಕ್ಕು ಒಂದು ಇರುವುದಿಲ್ಲ. ನಿಧಿ ಪ್ರತಿ ಶನಿವಾರ ಅವನ ಹತ್ತಿರ ಪಿಟೀಲು ಕಲಿಯಲು ಹೋಗುತ್ತಿದ್ದಳು. ಜೊತೆಗೆ ನಾನು.

ಮೊದಲ ದಿನ ಹೋದಾಗ ಗೋಡೆಯ ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ನಾವು ಮನೆ ಬಿಟ್ಟದ್ದು ಹತ್ತಕ್ಕೆ. ಗಡಿಯಾರ ಕೆಟ್ಟಿದೆ ಎಂದು ಕೈ ಮಾಡಿ ತೋರಿಸಿದೆ. ಅವನು ತಲೆ ಅಲ್ಲಾಡಿಸಿ ಏನೋ ಹೇಳಿದ.

"ಅಜ್ಜಿ, ದಟ್ಸ್ ಒಕ್ಲಹೋಮಾ ಟೈಮ್" ಎಂದಳು ನಿಧಿ.

ಒಕ್ಲಹೋಮಾ ಎಂದರೆ ಅವನು ಹುಟ್ಟಿದ ರಾಜ್ಯ. ಟ್ರಕ್ಕಿನಲ್ಲಿ ಹೋದರೆ ಮೂರು ದಿನದ ದಾರಿ. ಅಲ್ಲಿ ಗಡಿಯಾರ ಎರಡು ತಾಸು ಮುಂದು. ವರ್ನಪ್ಪ ಡುವಾಲಿಗೆ ಬಂದು ನಲವತ್ತೈದು ವರ್ಷವಾದರೂ ಅವನ ಗಡಿಯಾರ ಇಲ್ಲಿಗೆ ಬಂದಿಲ್ಲ. ಟೀವಿ ಹಾಕಿದರೆ ಆ ರಾಜ್ಯದ ಹವಾಮಾನ. ಇಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದರೆ ಅವನು ಅಲ್ಲಿನ ಬಿರುಗಾಳಿಗೆ ಅಂಜುತ್ತ ಕೂತಿರುತ್ತಾನೆ. ಬಾಗಿಲಿನಾಚೆ ಇಷ್ಟು ದೊಡ್ಡ ಹೊಳೆ ಹರಿಯುತ್ತದೆ, ಗುಡ್ಡ ನಿಂತಿವೆ, ಅವುಗಳ ಮೇಲೆ ಒಂದು ಹಾಡೂ ಕಟ್ಟಿಲ್ಲವಂತೆ. ಎಲ್ಲ ಆ ಕೆಂಪು ಮಣ್ಣಿನ ರಾಜ್ಯದ ಮೇಲೆ. ಹೆಂಡತಿ ಈ ಊರಿನವಳು, ಆದ್ದರಿಂದ ಇಲ್ಲಿ ಉಳಿದನಂತೆ. ಅವಳಾದರೂ ಈ ಗಡಿಯಾರವನ್ನು ಹೇಗೆ ಸಹಿಸಿದಳೋ. ನನ್ನ ಮನೆಯಲ್ಲಾಗಿದ್ದರೆ ಕಿತ್ತು ಅಟ್ಟಕ್ಕೆ ಎಸೆಯುತ್ತಿದ್ದೆ.

ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಅವನು ಪಿಟೀಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಊರಿಗೆ ಹೋಗುತ್ತಾನೆ. ಊರ ಜನ ಸೇರುತ್ತಾರೆ, ಇವನು ಬಾರಿಸುತ್ತಾನೆ. ಆ ವರ್ಷ ಬುಧವಾರ ಬೆಳಿಗ್ಗೆ ಹೊರಡುವವನಿದ್ದ.

ಶನಿವಾರ

ಅಂದು ಪಾಠ ಮುಗಿದ ಮೇಲೆ ವರ್ನಪ್ಪ ಪಿಟೀಲು ಸ್ವಚ್ಛ ಮಾಡಲು ಕೂತ. ಹೇಗೆ ಮಾಡುತ್ತಾನೆ ಎಂದು ನಾನೂ ನೋಡಿದೆ. ಒಂದು ಹಿಡಿ ಅಕ್ಕಿ ತಂದು ಪಿಟೀಲಿನ ಹೊಟ್ಟೆಯ ಸೀಳಿನಲ್ಲಿ ಕಾಳು ಕಾಳಾಗಿ ಸುರಿದ, ಮಗುವನ್ನು ಆಡಿಸಿದಂತೆ ಅಲ್ಲಾಡಿಸಿದ, ಬೋರಲು ಮಾಡಿ ಪೇಪರಿನ ಮೇಲೆ ಕೊಡವಿದ. ಅಕ್ಕಿಯ ಜೊತೆ ಧೂಳು, ಕೂದಲು ಎಲ್ಲ ಬಂದವು. ಚಲೋ ಉಪಾಯ ಎಂದುಕೊಂಡೆ. ಕೊನೆಗೆ ಬೆರಳುದ್ದದ ಒಂದು ವಸ್ತು ಬಿತ್ತು. ಬೂದು ಬಣ್ಣ, ಒಣಗಿದ್ದು, ಗಂಟು ಗಂಟು. ಅಷ್ಟರಲ್ಲಿ ಫೋನ್ ಬಂತು, ಅವನು ಒಳಗೆ ಹೋದ. ಹೋಗುವಾಗ ನಮಗೆ ಕೈ ಬೀಸಿದ. ಇನ್ನು ಹೊರಡಿ ಎಂದು ಅರ್ಥ.

"ಏನದು?" ಎಂದೆ ನಿಧಿಗೆ.

"ಸ್ನೇಕ್ ಟೇಲ್, ಅಜ್ಜಿ. ರಿಯಲ್ ಸ್ನೇಕ್. ಹಿಸ್ ಡ್ಯಾಡ್ ಕಿಲ್ಡ್ ಇಟ್."

ಹೊಡೆದು ಕೊಂದ ಹಾವು. ಅದರ ತುಂಡು, ಅಕ್ಕಿಯ ಮೇಲೆ ಮಲಗಿದೆ. ನಮ್ಮಲ್ಲಿ ಹಾವು ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಾಡುತ್ತಾರೆ. ಹಾಲು, ತುಪ್ಪ, ಬೆಂಕಿ. ಮಾಡದೆ ಬಿಟ್ಟ ಮನೆಗಳು ಏನಾದವು ಎಂದು ನನ್ನ ಕಣ್ಣಿಂದಲೇ ನೋಡಿದ್ದೇನೆ. ಈ ಮುದುಕ ಅದನ್ನು ಪಿಟೀಲಿನೊಳಗೆ ಇಟ್ಟುಕೊಂಡು ಇಷ್ಟು ವರ್ಷ ಬಾರಿಸಿದ್ದಾನೆ. ಹೆಂಡತಿ ಹೋದಳು, ಮಕ್ಕಳಿಲ್ಲ, ಮೊಣಕಾಲು ಹಿಡಿದಿದೆ. ಮತ್ತೇನಾಗಬೇಕು? ಈಗ ಕಸದ ಜೊತೆ ಹೊರಗೆ ಹಾಕಿದ್ದಾನೆ, ಹೋಗಿ ಡಬ್ಬಿಗೆ ಬಿದ್ದರೆ ಇನ್ನೂ ಕೆಟ್ಟದ್ದು ಎಂದುಕೊಂಡೆ. ಪೇಪರನ್ನು ನಾಲ್ಕು ಮೂಲೆ ಕೂಡಿಸಿ ಗಂಟು ಕಟ್ಟಿ ಸೆರಗಿನೊಳಗೆ ಇಟ್ಟೆ.

"ಅಜ್ಜಿ, ಆರ್ ಯೂ ಸಪೋಸ್ಡ್ ಟು ಟೇಕ್ ದಟ್?"

"ಕಸಾ ಐತಿ, ಚೆಲ್ಲಾಕ ಒಯ್ಯಾಕತ್ತೇನಿ. ನಡೀ ನೀ ಸುಮ್ನ."

ಸುಳ್ಳು ಹೇಳಿದ್ದು ಅಲ್ಲೇ. ಕಸ ಎಂದುಕೊಂಡಿದ್ದರೆ ಅವನ ಮನೆಯಲ್ಲೇ ಡಬ್ಬಿ ಇತ್ತು.

ಭಾನುವಾರ

ಬೆಂಕಿ ಹಚ್ಚುವಂತಿರಲಿಲ್ಲ. ಬೇಸಿಗೆ ಮುಗಿಯುವವರೆಗೆ ಹೊರಗೆ ಬೆಂಕಿ ಮಾಡಬಾರದೆಂದು ಅಲ್ಲಿ ಕಟ್ಟಪ್ಪಣೆ, ಮನೆಯೊಳಗೆ ಒಂದು ಊದುಬತ್ತಿ ಹಚ್ಚಿದರೆ ಛಾವಣಿಯಲ್ಲಿನ ಹೊಗೆಯ ಗಂಟೆ ಕಿರುಚುತ್ತದೆ. ಆದರೆ ಹಿತ್ತಲಿನ ಹುಲ್ಲಿನಲ್ಲಿ ಹುತ್ತಗಳಿದ್ದವು. ಹತ್ತೋ ಹನ್ನೆರಡೋ. ನಾನು ಬಂದ ಮರುದಿನವೇ ನೋಡಿದ್ದೆ, ದಿನಾ ಸ್ನಾನವಾದ ಮೇಲೆ ಅವಕ್ಕೆ ಕೈ ಮುಗಿಯುತ್ತಿದ್ದೆ. ಎಲ್ಲರೂ ನೋಡುತ್ತಿದ್ದರು. ಯಾರೂ ಏನೂ ಹೇಳಿರಲಿಲ್ಲ.

ಬೆಳಿಗ್ಗೆ ಮನೆಯವರು ಏಳುವ ಮೊದಲು ಒಂದು ಹುತ್ತ ಆರಿಸಿ, ಮೊಳಕೈವರೆಗೆ ತೂತು ಮಾಡಿ ಹಾವಿನ ತುಂಡನ್ನು ಒಳಗಿಟ್ಟೆ. ಅರಿಷಿಣ ಹಾಕಿದೆ. ಪಂಚಮಿಗೆ ಎರೆದಂತೆ ಹಾಲೆರೆದೆ: ಅಪ್ಪನ ಪಾಲು, ಅವ್ವನ ಪಾಲು, ಶೈಲಾನ ಪಾಲು, ಗಿರೀಶನ ಪಾಲು, ನಿಧಿಯ ಪಾಲು. ಕೊನೆಗೆ ವರ್ನಪ್ಪನ ಪಾಲು. ಮಣ್ಣು ಮುಚ್ಚಿ ಕೈ ತೊಳೆದುಕೊಂಡು ಬಂದು ಚಹಾ ಕುಡಿದೆ. ಮನಸ್ಸು ಹಗುರವಾಗಿತ್ತು. ನನ್ನಂಥ ಪುಣ್ಯವಂತೆ ಇಡೀ ಅಮೆರಿಕದಲ್ಲಿ ಇಲ್ಲ ಎನ್ನುವಂತೆ ಕೂತಿದ್ದೆ.

ಮಧ್ಯಾಹ್ನ ಗಿರೀಶ ಹುಲ್ಲು ಕತ್ತರಿಸುವ ಮಿಷನ್ ಹೊರಗೆ ತೆಗೆದ. ಅದಕ್ಕೆ ಮೊದಲು ಸಲಿಕೆ ತಗೊಂಡು ಹುತ್ತಗಳನ್ನೆಲ್ಲ ಬಡಿದು ನೆಲಕ್ಕೆ ಸಮ ಮಾಡತೊಡಗಿದ. ನಾನು ಓಡಿದೆ.

"ಏ ಗಿರ್ಯಾ! ಹುತ್ತ ಕೆಡವಬ್ಯಾಡೋ! ಬುದ್ಧಿ ಐತೋ ಇಲ್ಲೋ?"

"ಹುತ್ತ ಎಲ್ಲೀದು ಅತ್ತಿ? ಮೋಲ್ ಅಂತ ಒಂದು ಪ್ರಾಣಿ. ಹೆಗ್ಗಣ ಇದ್ದಂಗ. ನೆಲದಾಗ ತೋಡಿ ತೋಡಿ ಮಣ್ಣ ಮ್ಯಾಲ ಒಗೀತೈತಿ. ಈ ಊರಾಗ ಹಾವs ಕಡಿಮಿ."

"ಮತ್ತ ಇಷ್ಟು ದಿನ ನಾ ಕೈ ಮುಗ್ಯಾಕತ್ತಿದ್ದೆ?"

"ಹೆಗ್ಗಣಕ್ಕ ಮುಗದ್ರಿ. ಗಣಪತಿ ವಾಹನಕ್ಕ ಬೀಗರಾಗಬೇಕದು" ಎಂದು ನಕ್ಕ.

ಸಂಜೆ ಮಳೆ ಹಿಡಿಯಿತು.

ಸೋಮವಾರ, ಎವರೆಟ್

ವಿಮಾನದ ಕಾರ್ಖಾನೆ ತೋರಿಸುತ್ತೇನೆಂದು ಗಿರೀಶ ಕರೆದುಕೊಂಡು ಹೋದ. ಬಾಗಿಲುಗಳೇ ನಮ್ಮ ಊರ ಕೆರೆಯ ಏರಿಯಷ್ಟು ಉದ್ದ. ಒಳಗೆ ಅರ್ಧ ಮುಗಿದ ವಿಮಾನಗಳು ಸಾಲಾಗಿ ನಿಂತಿದ್ದವು, ಹಸಿರು ಮೈ, ರೆಕ್ಕೆಗೆ ಬಣ್ಣ ಹತ್ತಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಖಣ ನೋಡಿದಂತಾಯಿತು. ಇಂಥ ಅರ್ಧಮರ್ಧದ ವಸ್ತುವಿನೊಳಗೆ ಕೂತು ಬಂದೆನಲ್ಲ ಎಂದುಕೊಂಡೆ.

ಹೊರಗೆ ಬಂದು ಬುತ್ತಿ ಬಿಚ್ಚುವಷ್ಟರಲ್ಲಿ ಶೈಲಾನ ಫೋನ್. ಗಿರೀಶ ಸ್ಪೀಕರಿಗೆ ಹಾಕಿದ.

"ಗಿರಿ, ವರ್ನನ್ ಬಂದಿದ್ರು. ಅವರ ಫಿಡಲ್ ಒಳಗಿಂದು ರ‍್ಯಾಟಲ್ ಕಳದೈತಂತ. ಮನಿ ಎಲ್ಲಾ ಬುಡಮೇಲು ಮಾಡ್ಯಾರ. ಕಸದ ಡಬ್ಬಿ ಟೇಬಲ್ ಮ್ಯಾಲೆ ಸುರುವಿ ಹುಡುಕ್ಯಾರ. ಅಪ್ಪಂದಂತ. ಅದಿಲ್ಲದ ಊರಿಗೆ ಹೆಂಗ ಹೋಗ್ಲಿ ಅಂತ ಕುಂತಾರ. ನಿಧಿ ಸಾಲಿಂದ ಬಂದು ಏನೋ ಅಂತಾಳ... ಯವ್ವಾ ಅಲ್ಲೇ ಅದಾಳೇನು?"

ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೆ ಹೋಗಲಿಲ್ಲ. ಬುತ್ತಿ ಕಟ್ಟಿಟ್ಟೆ. ಗಿರೀಶ ನನ್ನ ಮುಖ ನೋಡಿದ.

"ಅತ್ತೀ?"

"ಗಾಡಿ ತಿರುಗಸು."

ವರ್ನಪ್ಪನ ಅಡಿಗೆಮನೆ

ಆ ಮನೆಯ ಮೇಜಿನ ಮುಂದೆ ನಾನು, ಶೈಲಾ, ಗಿರೀಶ, ನಿಧಿ. ಆಚೆ ಅವನು. ಮಾಡಿದ್ದನ್ನು ಮಾಡಿದ ಹಾಗೆ ಹೇಳಿದೆ, ಶೈಲಾ ಇಂಗ್ಲಿಷಿಗೆ ತಿರುಗಿಸಿದಳು. ಹುತ್ತಕ್ಕೆ ಬಂದಾಗ ಅವಳು ತಡೆದಳು.

"ಯವ್ವಾ, ಹಾಲು ಹಾಕಿದ್ದು ಹೇಳಬೇಕೇನು?"

"ಎಲ್ಲಾ ಹೇಳು."

ಅವನು ಪೂರ್ತಿ ಕೇಳಿದ. ಆಮೇಲೆ ಒಂದು ಮಾತು ಅಂದ. ಸಣ್ಣ ಮಾತು.

"ಏನಂದ?"

"ಅದನ್ನ ನಾ ಹೇಳೂದಿಲ್ಲ" ಎಂದಳು ಶೈಲಾ. ನಿಧಿ ಬಾಯಿ ಮುಚ್ಚಿಕೊಂಡಳು. ಬೈಗಳು ಎಂದು ತಿಳಿಯಿತು. ಅಷ್ಟು ಬರಬೇಕಾದ್ದೇ.

ಆಮೇಲೆ ಅವನು ನಿಧಾನವಾಗಿ ಹೇಳಿದ. ಶೈಲಾ ಹೇಳಿದ ಹಾಗೆ ಬರೆಯುತ್ತೇನೆ. ಅದು ಹಾವಿನ ಬಾಲದ ತುದಿಯ ಗಿಲಕಿ. ಆ ರಾಜ್ಯದ ಹಾವು ಸಿಟ್ಟು ಬಂದರೆ ಬಾಲ ಅಲ್ಲಾಡಿಸಿ ಸಪ್ಪಳ ಮಾಡುತ್ತದೆ. ವರ್ನಪ್ಪನಿಗೊಬ್ಬ ಅಕ್ಕ, ಹನ್ನೆರಡು ವರ್ಷ ದೊಡ್ಡವಳು. ಅವಳು ಹುಡುಗಿಯಾಗಿದ್ದಾಗ ಹತ್ತಿ ಬಿಡಿಸುತ್ತಿದ್ದ ಹೊಲದಲ್ಲಿ ಕಾಲ ಬುಡದಲ್ಲೇ ಹಾವು. ಇವನು ಆಗ ತೊಟ್ಟಿಲಲ್ಲಿ. ಸಪ್ಪಳ ಕೇಳಿ ಹುಡುಗಿ ನಿಂತಲ್ಲೇ ನಿಂತಳು, ಅಪ್ಪ ಓಡಿ ಬಂದು ಹೊಡೆದ. ಗಿಲಕಿಯನ್ನು ಕತ್ತರಿಸಿ ತನ್ನ ಪಿಟೀಲಿನೊಳಗೆ ಹಾಕಿದ. ಅವರ ಕಡೆ ಅದು ಪದ್ಧತಿಯಂತೆ. ಜೇಡ ಸೇರುವುದಿಲ್ಲ, ದನಿ ಚಲೋ ಬರುತ್ತದೆ ಅನ್ನುತ್ತಾರೆ. ಅಪ್ಪ ಸತ್ತ ಮೇಲೆ ಪಿಟೀಲು ಇವನಿಗೆ ಬಂತು. ಈಗ ಆ ಅಕ್ಕನಿಗೆ ಕಣ್ಣು ಹೋಗಿವೆ. ಇವನು ವರ್ಷಕ್ಕೊಮ್ಮೆ ಹೋದಾಗ ಮಾತಿಲ್ಲ, ನೀರಿಲ್ಲ, ಮೊದಲು ಪಿಟೀಲನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕೇಳಿದ ಮೇಲೆ "ಹಂ, ಬಂದಿ?" ಎನ್ನುತ್ತಾಳಂತೆ.

ಗಿರೀಶನಿಗೆ ತಡೆಯಲಾಗಲಿಲ್ಲ. "ಅತ್ತಿ, ಇಂಥಾವು ಆನ್‌ಲೈನ್ ಸಿಗ್ತಾವು. ನಾಳೆ ಡೆಲಿವರಿ ಆಗ್ತೈತಿ. ನಾ ತರಸ್ತೀನಿ."

"ಸುಮ್ನ ಕುಂದರೋ. ಬ್ಯಾರೆ ಹಾವಿಂದ ತಗೊಂಡು ಏನ್ ಮಾಡ್ತಾನು? ಆಕಿ ಕಾಲಾಗ ಬಂದಿದ್ದು ಅದು."

ನಾನು ಏನಂದೆ ಎಂದು ವರ್ನಪ್ಪ ಕೇಳಿದ. ಶೈಲಾ ಹೇಳಿದಳು. ಅವನು ಮೊದಲ ಸಲ ನನ್ನ ಕಡೆ ನೇರ ನೋಡಿ ಗೋಣು ಹಾಕಿದ. ಎದ್ದು ಮೂಲೆಯಿಂದ ಸಲಿಕೆ ತಗೊಂಡ.

ಮಂಗಳವಾರ, ಹಿತ್ತಲು

ಸೋಮವಾರ ಕತ್ತಲಾಗುವವರೆಗೆ ಅಗೆದರೂ ಸಿಗಲಿಲ್ಲ. ಯಾವ ಗುಡ್ಡೆಯಲ್ಲಿ ಇಟ್ಟಿದ್ದೆನೋ ಗುರುತೇ ಇಲ್ಲ. ಗಿರೀಶ ಸಮ ಮಾಡಿದ್ದ, ಮಳೆ ಅರಿಷಿಣ ತೊಳೆದಿತ್ತು, ಮೇಲಾಗಿ ಆ ಹೆಗ್ಗಣ ಮತ್ತೆ ಮೂರು ಹೊಸ ಗುಡ್ಡೆ ಎಬ್ಬಿಸಿತ್ತು. ಮೊದಲು ಬೇಲಿಯ ಹತ್ತಿರ ಎಂದೆ, ಆಮೇಲೆ ಮರದ ಹತ್ತಿರ ಎಂದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಹೋಗಿತ್ತು. ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆಯೂ ಇಲ್ಲ.

ಮಂಗಳವಾರ ಇಬ್ಬರೇ. ಗಿರೀಶ ಕೆಲಸಕ್ಕೆ, ನಿಧಿ ಸಾಲೆಗೆ, ಶೈಲಾ ಒಳಗೆ ಕಂಪ್ಯೂಟರಿನ ಮುಂದೆ ಮೀಟಿಂಗಿನಲ್ಲಿ. ವರ್ನಪ್ಪ ಅಗೆದು ಮಣ್ಣು ಕೊಡುತ್ತಿದ್ದ, ನಾನು ಮಗಳ ಹಿಟ್ಟಿನ ಸಾಣಿಗೆ ತಂದು ಸಾಣಿಸುತ್ತಿದ್ದೆ. ಹಸಿ ಮಣ್ಣು, ಸಾಣಿಗೆಯ ಕಣ್ಣು ಕಟ್ಟಿಕೊಂಡು ಕೂತಿತು. ಅವನು ಏನೋ ಗೊಣಗಿದ, ನಾನೂ ಗೊಣಗಿದೆ. ಒಬ್ಬರದು ಒಬ್ಬರಿಗೆ ತಿಳಿಯದಿದ್ದದ್ದು ಒಳ್ಳೆಯದೇ ಆಯಿತು.

ಆಗ ನಮ್ಮೂರ ಅಕ್ಕಸಾಲಿಗರ ಓಣಿ ನೆನಪಾಯಿತು. ಅಲ್ಲಿನ ಗಟಾರದ ಮಣ್ಣನ್ನು ಹೆಂಗಸರು ಬುಟ್ಟಿಯಲ್ಲಿ ನೀರು ಹಾಕಿ ಜಾಲಿಸಿ ಬಂಗಾರದ ಚೂರು ಹೆಕ್ಕುತ್ತಾರೆ. ಬಂಗಾರ ಭಾರ, ಅಡಿಗೆ ಕೂರುತ್ತದೆ. ಇದು ಒಣ ಸಿಪ್ಪೆ, ಒಳಗೆ ಪೊಳ್ಳು. ಇದು ಅಡಿಗೆ ಯಾಕೆ ಕೂರುತ್ತದೆ? ಅಕ್ಕಿ ತೊಳೆದರೆ ಹೊಟ್ಟು ಮೇಲೆ ಬರುವುದಿಲ್ಲವೇ? ಎರಡು ದಿನದಿಂದ ಇಷ್ಟು ಹೊಳೆಯದೆ ಮಣ್ಣು ಕೆದರುತ್ತ ಕೂತಿದ್ದೆನಲ್ಲ ಎಂದು ನನ್ನ ಹಣೆಗೆ ನಾನೇ ಬಡಿದುಕೊಂಡೆ.

ಎರಡು ಬಕೆಟ್ಟು ತಂದೆ. ಪೈಪಿನಿಂದ ನೀರು ತುಂಬಿ ಸಲಿಕೆಯ ಮಣ್ಣನ್ನು ಇದರೊಳಗೆ ಹಾಕು ಎಂದು ಕೈ ಮಾಡಿದೆ. ಅವನು ಹುಬ್ಬು ಗಂಟಿಕ್ಕಿದ. ಹಾಕಿದ. ನಾನು ಕೈ ಹಾಕಿ ಕಲಕಿದೆ. ಹುಲ್ಲು, ಬೇರು, ಎಲೆಯ ಚೂರು ಮೇಲೆ ಬಂದವು. ಅವನ್ನು ಸಾಣಿಗೆಯಲ್ಲಿ ತೆಗೆದು ನೋಡಿ ಚೆಲ್ಲಿದೆ. ಅವನಿಗೆ ತಿಳಿಯಿತು. ಆಮೇಲೆ ಮಾತೇ ಬೇಕಾಗಲಿಲ್ಲ. ಅವನು ಸುರಿಯುವುದು, ನಾನು ಕಲಕುವುದು, ತೆಗೆಯುವುದು, ಚೆಲ್ಲುವುದು. ನನ್ನ ಸೀರೆ ಮೊಣಕಾಲವರೆಗೆ ಕೆಸರು. ಅವನ ಮೊಣಕಾಲಿನ ನೋವು ಮುಖದ ಮೇಲೆ ಕಾಣುತ್ತಿತ್ತು, ನಿಲ್ಲು ಎಂದರೆ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಮರದ ಬುಡದ ಮಣ್ಣು ಹಾಕಿದಾಗ ನೀರು ತುಸು ಹಳದಿಯಾಯಿತು. ನಾನು ಅವನ ಕೈ ಹಿಡಿದು ನಿಲ್ಲಿಸಿದೆ. ಮೆಲ್ಲಗೆ ಕಲಕಿದೆ. ಬೇರಿನ ಚೂರುಗಳ ನಡುವೆ ಬೆರಳುದ್ದ ಗಂಟು ಗಂಟಿನ ವಸ್ತು ತೇಲಿ ಬಂತು.

"ಶೈಲಾ! ಬಾರs ಇಲ್ಲೆ! ಮೀಟಿಂಗ್ ಸುಡಗಾಡಿಗೆ ಹಾಕು!"

ವರ್ನಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಗಂಟುಗಳನ್ನು ಮುಟ್ಟಿ ನೋಡಿದ. ಒಂದೂ ಮುರಿದಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸಪ್ಪಳ ಬರಲಿಲ್ಲ.

ಓಡಿ ಬಂದ ಶೈಲಾ ಅವನ ಮಾತು ಕೇಳಿ ಹೇಳಿದಳು. "ಹಸಿ ಆದ್ರ ಸಪ್ಪಳ ಬರೂದಿಲ್ಲಂತ. ಒಣಗಿದ್ರ ಬರಬಹುದಂತ. ಬರಬಹುದು, ಅಷ್ಟ."

"ನನ್ನ ಕೋಣ್ಯಾಗ ಹೀಟರ್ ಐತಿ. ಅದರ ಬಾಜೂಕ ಇಡ್ತೀನಿ ಅನ್ನು."

ಶೈಲಾ ಹೇಳಿದಳು. ಅವನು ಗಿಲಕಿಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಒಂದೇ ಮಾತು ಹೇಳಿ ಹೊರಟ.

"ಏನಂದ?"

"ನಿಮ್ಮವ್ವನ ಕೈಗೆ ಇನ್ನ ಕೊಡೂದಿಲ್ಲ ಅಂತ. ಮತ್ತ..." ಶೈಲಾ ನಗು ತಡೆದುಕೊಂಡಳು. "ಅದು ಒಕ್ಲಹೋಮಾ ಹಾವು, ಹಾಲು ಕುಡ್ಯಾಂಗಿಲ್ಲ, ಬಿಯರ್ ಹಾಕಿದ್ರ ತಾನ ಹೊರಗ ಬರ್ತಿತ್ತು ಅಂತ."

ಕೊಡದಿದ್ದದ್ದು ಸರಿಯೇ. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಇಟ್ಟದ್ದನ್ನು ತೆಗೆದದ್ದಕ್ಕೆ ನಾಗಪ್ಪನಿಗೆ ಏನಾದರೂ ಹೇಳಬೇಕಲ್ಲ. ಬಕೆಟ್ಟಿನ ನೀರನ್ನು ಮರದ ಬುಡಕ್ಕೆ ಚೆಲ್ಲುವಾಗ ಹೇಳಿದೆ: ತಪ್ಪು ನಂದು, ಆ ಮುದುಕಂದಲ್ಲ. ನೀನೂ ಆ ಊರಾವನs, ಅವನ ಜೋಡಿ ಹೋಗು.

ಬುಧವಾರ

ಬೆಳಿಗ್ಗೆ ಬೆಳಕು ಹರಿದ ಕೂಡಲೇ ಬೇಲಿ ದಾಟಿ ಹೋದೆ. ಒಬ್ಬಳೇ, ನಿಧಿಯನ್ನು ಎಬ್ಬಿಸಲಿಲ್ಲ. ಟ್ರಕ್ಕು ಚಾಲೂ ಇತ್ತು, ವರ್ನಪ್ಪ ಹಿಂದೆ ಹೇರಿದ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಿದ. ಏನು ಕೇಳಲಿ? ನನ್ನ ಹತ್ತಿರ ಒಂದೂ ಇಂಗ್ಲಿಷ್ ಮಾತಿಲ್ಲ. ನನ್ನ ಕಿವಿಯನ್ನು ಮುಟ್ಟಿ ತೋರಿಸಿದೆ.

ಅವನು ಮುಂದಿನ ಬಾಗಿಲು ತೆರೆದು, ಪೆಟ್ಟಿಗೆಯಿಂದ ಪಿಟೀಲು ತೆಗೆದು, ಎಂಜಿನ್ ಆರಿಸಿದ. ನಾನು ಸೆರಗು ಸರಿಸಿ ಕಿವಿ ಕೊಟ್ಟೆ. ಅಲ್ಲಾಡಿಸಿದ.

ಒಣ ಅವರೆಕಾಯಿ ಬಿರಿದಂತೆ ಸಣ್ಣ ಸಪ್ಪಳ. ಇನ್ನೊಮ್ಮೆ ಎಂದು ಬೆರಳು ತೋರಿಸಿದೆ. ಇನ್ನೊಮ್ಮೆ ಅಲ್ಲಾಡಿಸಿದ. ಬಂತು.

ಹೋಗು ಎಂದು ಕೈ ಮಾಡಿದೆ. ಟ್ರಕ್ಕು ತಿರುವು ದಾಟುವವರೆಗೂ ನಾನು ನಿಲ್ಲಲಿಲ್ಲ, ಕಾಲು ತಣ್ಣಗಾಗುತ್ತಿದ್ದವು. ಮನೆಗೆ ಬಂದು ಕೆಸರು ಮೆತ್ತಿದ ಸಾಣಿಗೆಯನ್ನು ಮೂರು ಸಲ ಬಿಸಿನೀರಿನಲ್ಲಿ ತಿಕ್ಕಿದೆ. "ಯವ್ವಾ, ಅದನ್ನ ಒಗದು ಬಿಡು, ಹೊಸಾದು ತರೂಣು" ಎಂದಳು ಶೈಲಾ, ಕಣ್ಣುಜ್ಜುತ್ತ ಬಂದು. ನಾನು ಒರೆಸಿ ಒಲೆಯ ಮೇಲೆ ಒಣಗಿಸಿ ಜೋಳದ ಹಿಟ್ಟು ಸಾಣಿಸಿದೆ. ಆರು ರೊಟ್ಟಿ ಬಡಿದೆ. ಮೂರು ನಾನೇ ತಿಂದೆ.